ಆಮೇಲಿನ ಫೋಟೋ

"ಇದು ಯಾರ ಮದುವಿ ಆಲ್ಬಂ ರಿ?"

ಭಾಗ್ಯಜ್ಯೋತಿ ಕೇಳಿದ್ದು ಮೆಲ್ಲಗೇ. ಆಳಂದದಿಂದ ಬಸ್ಸು ಬದಲಿಸಿ ಬಂದಿದ್ದ ದಣಿವಿನಲ್ಲಿ ದನಿ ಏರಿಸುವಷ್ಟು ತ್ರಾಣ ಅವಳಿಗೆ ಉಳಿದಿರಲಿಲ್ಲ.

ಅಫಜಲಪುರ ಬಸ್ ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಸಂಜುಕುಮಾರ, ಬೈಸಿಕೊಂಡು ರೂಢಿಯಿದ್ದವನಂತೆ ಮೊದಲು ಒಂದು ಕುರ್ಚಿ ಎಳೆದ.

"ಕೂಡ್ರಿ ಮೇಡಂ. ಮದುವಿದಲ್ಲ. ನಿಮ್ಮ ಪೇಶಂಟ್ ಮಂದೀದ."

"ಅದು ನನಗೂ ಗೊತ್ತದರಿ. ಇವರು ಗೊಬ್ಬೂರಿನ ಸುಂದರಬಾಯಿ. ಲಕ್ವಾ ಹೊಡದು ಹಾಸಿಗಿ ಹಿಡದು ಮೂರು ವರ್ಷ ಆತು. ಇವರ ಹಿಂದ ಜಲಪಾತ ಎಲ್ಲಿಂದ ಬಂತು?"

"ನಾ ಹಾಕೇನ್ರಿ."

"ಮತ್ತ ಮುಖ? ಇಷ್ಟ ಬೆಳ್ಳಗ ಅವರು ಹುಟ್ಟಿದಾಗೂ ಇದ್ದಿರಲಿಕ್ಕಿಲ್ಲ."

"ಅದನ್ನೂ ನಾನ ಮಾಡೇನಿ." ಅವನು ತುಸು ತಡೆದ. "ಜರಾ ಜಾಸ್ತಿ ಆಗ್ಯದೇನ್ರಿ?"

ಅವಳಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ಮುಂದಿನ ಫೋಟೋದಲ್ಲಿ ಸರಸಂಬಾದ ಕಲ್ಯಾಣಪ್ಪ ಇದ್ದರು. ಹಾಸಿಗೆಯಲ್ಲಿ ಹೊರಳಲೂ ಆಗದ ಎಂಬತ್ತರ ಮುದುಕನಿಗೆ ಸಂಜುಕುಮಾರ ಕರಿ ಕೋಟು ತೊಡಿಸಿ, ಕೆಂಪು ಟೈ ಕಟ್ಟಿ, ಮೀಸೆ ಕಪ್ಪು ಮಾಡಿದ್ದ.

"ಸಂಜುಕುಮಾರ ಅವರೇ, ಇವನ್ನ ನೋಡಿದ ಮಂದಿ ಏನಂತಾರ ಹೇಳ್ರಿ. ಇಷ್ಟ ಆರಾಮ ಇದ್ದವರ ಮನೀಗಿ ನರ್ಸ್ ಯಾಕ ಹೋಗಬೇಕು ಅಂತಾರ. ಶನಿವಾರ ನಮ್ಮ ಕ್ಯಾಂಪೇನ್ ಸುರು ಆಗಬೇಕು."

ಅವನು ಪರದೆಯನ್ನು ಬಿಟ್ಟು ಅವಳನ್ನು ನೋಡಿದ. ಅವಳ ಕಣ್ಣ ಕೆಳಗಿನ ಕಪ್ಪು, ಸೆರಗಿಗೆ ಚುಚ್ಚಿದ್ದ ಸಂಸ್ಥೆಯ ಬ್ಯಾಡ್ಜು, ಬಸ್ಸಿನ ಧೂಳು ಕೂತಿದ್ದ ಕೂದಲು, ಒಂದೊಂದನ್ನೂ ಅವಸರವಿಲ್ಲದೆ ನೋಡಿದ. ಮುಖ ನೋಡುವುದೇ ಅವನ ಕಸುಬು ಎಂದು ತನಗೆ ತಾನೇ ಹೇಳಿಕೊಂಡರೂ ಅವಳ ಕೈ ಕೂದಲಿನತ್ತ ಹೋಯಿತು.

"ಇನ್ನೊಮ್ಮೆ ಹೋಗಿ ತಗಿಯೂಣ್ರಿ," ಎಂದ. "ಖರೆ, ಈ ಸಲ ನೀವೂ ಬರ್ರಿ. ನಿಮ್ಮ ಕಣ್ಣೀಲೇ ನೋಡ್ರಿ."

"ನಾ ಬಂದು ಏನ ಮಾಡ್ಲಿ?"

"ಬರ್ರಿ ನೀವು," ಎಂದನೇ ಹೊರತು ಹೆಚ್ಚು ಹೇಳಲಿಲ್ಲ. ಹೇಳಬೇಕಾದ್ದೇನೋ ಇದೆ, ಇವನು ನುಂಗಿಕೊಂಡ ಎಂದು ಅವಳಿಗನ್ನಿಸಿತು. ವಾಪಸು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು, ಒಣಗಿ ನಿಂತ ತೊಗರಿ ಹೊಲಗಳನ್ನು ನೋಡುತ್ತ ಅದನ್ನೇ ಯೋಚಿಸಿದಳು.

ನಿವೃತ್ತ ಹೆಡ್‌ಮಾಸ್ತರ ದೌಲತರಾಯರು ಆಳಂದದಲ್ಲಿ ನಡೆಸುತ್ತಿದ್ದ ಸಂಸ್ಥೆಗೆ ಇದ್ದದ್ದು ಒಂದು ವ್ಯಾನು, ಅದನ್ನು ಓಡಿಸುವ ರಸೂಲ, ಅದರಲ್ಲಿ ಕೂತು ಹಳ್ಳಿಹಳ್ಳಿಗೆ ಹೋಗುವ ನರ್ಸ್ ಖಾಸೀಂಬಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗಿ, ಮೈ ತೊಳೆದು, ಹುಣ್ಣಿಗೆ ಔಷಧ ಹಚ್ಚಿ, ಎರಡು ಮಾತಾಡಿ ಬರುವುದು ಅವರ ಕೆಲಸ. ಆ ವ್ಯಾನು ಯಾಕೆ ಓಡಬೇಕು ಎಂದು ಸೊಲ್ಲಾಪುರ, ಪುಣೆ, ಕಲಬುರಗಿಯ ಉಳ್ಳವರಿಗೆ ತಿಳಿಸಿ ಹೇಳುವುದು ಭಾಗ್ಯಜ್ಯೋತಿಯ ಕೆಲಸ.

ಅವಳು ಈ ಕೆಲಸಕ್ಕೆ ಬಂದದ್ದು ಅಜ್ಜಿಯ ದೆಸೆಯಿಂದ. ಹಗಲು ಝೆರಾಕ್ಸ್ ಅಂಗಡಿ, ಸಂಜೆ ಕಾಲೇಜಿನ ಬಿ.ಕಾಂ. ಎಂದು ಓಡಾಡುತ್ತಿದ್ದ ಕಾಲದಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಖಾಸೀಂಬಿ ಬಂದು ನೋಡಿಕೊಂಡಿದ್ದಳು. ಭಾಗ್ಯಜ್ಯೋತಿಗೆ ಗಾಯ ಕಂಡರೆ ಕಣ್ಣು ಕತ್ತಲೆ ಬರುತ್ತಿತ್ತು. ಶುಶ್ರೂಷೆ ನನ್ನ ಕೈಲಾಗದು, ಬರೆಯುವುದಾದರೂ ಆದೀತು ಎಂದು ಸಂಸ್ಥೆಗೆ ಸೇರಿದಳು. ಮೊಬೈಲಿನಲ್ಲೇ ಮಾರ್ಕೆಟಿಂಗ್ ಕೋರ್ಸು ಮುಗಿಸಿದಳು. ಈಗಲೂ ಒಂದು ಮೆಸೇಜು ಕಳಿಸಿದ ಮೇಲೆ, ತಪ್ಪೇನಾದರೂ ಬರೆದೆನೇ ಎಂದು ಮತ್ತೆ ಮತ್ತೆ ತೆಗೆದು ಓದುತ್ತಾಳೆ.

ಆದರೆ ಈಚೆಗೆ ಒಂದು ಸಂಗತಿ ಅವಳನ್ನು ತಿನ್ನುತ್ತಿತ್ತು. ಫೋಟೋದಲ್ಲಿ ಕಣ್ಣೀರು ಹೆಚ್ಚಿದ್ದಷ್ಟೂ ಸಹಾಯ ಹೆಚ್ಚು ಬರುತ್ತಿತ್ತು. ಅದು ಗೊತ್ತಾದ ಮೇಲೆ ಯಾವ ಮನೆಗೆ ಹೋದರೂ ಅವಳ ಕಣ್ಣು ಮೊದಲು ಕಣ್ಣೀರನ್ನೇ ಹುಡುಕುತ್ತಿತ್ತು. ತಾನು ನೋಡಿಕೊಳ್ಳುವವಳೋ ಮಾರುವವಳೋ ಎಂಬುದು ಅವಳಿಗೇ ತಿಳಿಯದಾಗಿತ್ತು. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆ ಅವಳನ್ನು ಜಾಹೀರಾತು ವಿಭಾಗಕ್ಕೆ ಕರೆದಿತ್ತು. ಸೋಮವಾರದೊಳಗೆ ಹೂಂ ಅನ್ನಬೇಕಿತ್ತು. ಅಲ್ಲಿ ಮಾರುವುದು ತಪಾಸಣೆ ಪ್ಯಾಕೇಜು. ಯಾರ ಮುಖವನ್ನೂ ಅಲ್ಲ. ಈ ಕ್ಯಾಂಪೇನ್ ಮುಗಿಸಿ ಹೋಗಿಬಿಡುವುದು ಎಂದು ಮನಸ್ಸಿನಲ್ಲಿ ಮುಕ್ಕಾಲು ತೀರ್ಮಾನಿಸಿದ್ದಳು.

ಮರುದಿನ ಬೆಳಿಗ್ಗೆ ವ್ಯಾನಿನಲ್ಲಿ ಖಾಸೀಂಬಿ ಬೇಕೆಂದೇ ಮುಂದಿನ ಸೀಟು ಹಿಡಿದಳು. ಭಾಗ್ಯಜ್ಯೋತಿ, ಸಂಜುಕುಮಾರ ಹಿಂದೆ ಕೂತರು. ನಡುವೆ ಡೆಟಾಲ್ ಕ್ಯಾನು, ಬಟ್ಟೆಯ ಗಂಟು.

"ಫೋಟೋಸಾಬ," ಖಾಸೀಂಬಿ ತಿರುಗದೆಯೇ ಅಂದಳು. "ಎಲ್ಲಾರದೂ ಮದುವಿ ಫೋಟೋ ತಗೀತೀರಿ. ನಿಮ್ಮದು ಯಾವಾಗ?"

"ನನ್ನ ಮದುವ್ಯಾಗ ಫೋಟೋ ತಗಿಯವರು ಯಾರದಾರ್ರಿ ಅಕ್ಕಾ? ಅದಕ್ಕ ನಿಂತದ."

"ನಮ್ಮ ಭಾಗ್ಯಾ ಮೊಬೈಲಿನ್ಯಾಗ ಛಲೋ ತಗೀತಾಳ."

"ಖಾಸೀಂಬಿ," ಎಂದು ಭಾಗ್ಯಜ್ಯೋತಿ ಎಚ್ಚರಿಸಿದಳು.

"ನಾ ಏನಂದೆ ಬೇ? ಮೊಬೈಲಿನ ಮಾತ ಆಡಾಕತ್ತೇನಿ."

ರಸೂಲ ನಕ್ಕದ್ದು ಬೆನ್ನಿನಿಂದಲೇ ತಿಳಿಯಿತು. ಸಂಜುಕುಮಾರ ಕಿಟಕಿಯ ಕಡೆ ಮುಖ ಮಾಡಿದ್ದ. ಗಾಜಿನಲ್ಲಿ ಅವನ ಕಣ್ಣು ಮಾತ್ರ ಅವಳ ಕಡೆಗಿತ್ತು. ಅವಳು ನೋಡಿದಳೆಂದು ಗೊತ್ತಾಗಿ ಆ ಕಣ್ಣು ತೊಗರಿ ಹೊಲಕ್ಕೆ ಜಾರಿತು.

ಸರಸಂಬಾದಲ್ಲಿ ಕಲ್ಯಾಣಪ್ಪ ಹೊರಸಿನ ಮೇಲಿಂದಲೇ ಕೈ ಎತ್ತಿದರು.

"ಬಂದ್ಯಾ ತಮ್ಮಾ? ಫೋಟೋ ತಂದಿ?"

"ಇಲ್ಲ ಕಾಕಾ. ಇನ್ನೊಂದು ತಗೀಬೇಕಂತ."

"ಯಾಕ, ಅದು ಕೆಟ್ಟು ಬಂತೇನು? ಅಲ್ಲಿ ನೋಡು, ಮೊಳಿ ಹೊಡಿಸಿ ಇಟ್ಟೇನಿ."

ಗೋಡೆಯ ಮೇಲೆ ಬಸವಣ್ಣನ ಪಟ. ಅದರ ಕೆಳಗೆ ತೀರಿಹೋದ ಹೆಂಡತಿಯ ಫೋಟೋ, ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಮಾಲೆ. ಅದರ ಪಕ್ಕದಲ್ಲಿ ಹೊಸ ಮೊಳೆ.

"ಆಕಿ ಬಾಜೂಕ ಹಾಕ್ತಾರ ನನ್ನ," ಕಲ್ಯಾಣಪ್ಪ ಹೇಳಿದರು. "ಬರಾಬರ್ ಅದ ಅಳತಿ ಮಾಡು. ಆಕೀಕಿಂತ ದೊಡ್ಡದಾದ್ರ ಸಿಟ್ಟಾಗ್ತಾಳ."

ಭಾಗ್ಯಜ್ಯೋತಿ ಆ ಮೊಳೆಯನ್ನೇ ನೋಡಿದಳು. ಮನೆಮನೆಗೆ ಫೋನ್ ಮಾಡಿದವಳು ಅವಳೇ. 'ಫೋಟೋ ತಗಿಯವರು ಬರ್ತಾರ, ತಯಾರಾಗಿರ್ರಿ' ಎಂದಷ್ಟೇ ಹೇಳಿ ಇಟ್ಟಿದ್ದಳು. ದಾನಿಗಳ ಕರೆಗಳು ಕಾಯುತ್ತಿದ್ದವು, ಹೆಚ್ಚು ಹೇಳಲು ಪುರುಸೊತ್ತಿರಲಿಲ್ಲ. ಈ ಕಡೆಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ಸ್ಟುಡಿಯೋದವನು ಬರುವುದು ಒಂದೇ ಕಾರಣಕ್ಕೆ. ಮುಂದೆ ಗೋಡೆಗೆ ಹಾಕಿ ಮಾಲೆ ಏರಿಸಬೇಕಲ್ಲ, ಉಸಿರಿರುವಾಗಲೇ ಒಂದು ಒಳ್ಳೆಯ ಫೋಟೋ ಇರಲಿ ಎಂದು. ಎಲ್ಲರೂ ಹಾಗೆಯೇ ತಿಳಿದಿದ್ದರು. ಸಂಸ್ಥೆಯವರು ತಮ್ಮ ಆಮೇಲಿನ ಫೋಟೋವನ್ನೂ ಮಾಡಿಸಿಕೊಡುತ್ತಿದ್ದಾರೆ ಎಂದು ತಿಳಿದು, ಟ್ರಂಕಿನಿಂದ ಒಳ್ಳೆಯ ಬಟ್ಟೆ ತೆಗೆಸಿ ಉಟ್ಟು ಕಾದಿದ್ದರು.

ಅಂಗಳಕ್ಕೆ ಬಂದು ಅವಳು ಸಂಜುಕುಮಾರನನ್ನು ತಡೆದಳು.

"ನಿಮಗ ಗೊತ್ತಿತ್ತು."

"ಮೊದಲನೇ ಮನ್ಯಾಗ ಗೊತ್ತಾತ್ರಿ. ಕಾಕಾ ಕೋಟು ಬೇಕಂದ್ರು. ತಮ್ಮ ಮದುವ್ಯಾಗ ಬಾಡಿಗಿ ಕೋಟು ಹಾಕ್ಕೊಂಡಿದ್ರಂತ, ಅಂಥಾದ್ದ ಬೇಕಂದ್ರು. ಸುಂದರಬಾಯಿಯವರು ಹಿಂದ ಜಲಪಾತ ಹಾಕು ಅಂದ್ರು. ಇಲ್ಲ ಅಂತ ಹೆಂಗ ಹೇಳಲಿ?"

"ನಿನ್ನೆ ನನಗರೆ ಹೇಳಬೇಕಿತ್ತು."

"ಹೇಳಬೇಕಂತ ಬಾಯಿ ತಗದೆ. ನೀವು ಅಷ್ಟು ದಣದು ಬಂದಿದ್ರಿ. ಇದೊಂದು ನಿಮ್ಮ ತಲಿ ಮ್ಯಾಗ ಹೇರೂದು ಬ್ಯಾಡ ಅನಿಸ್ತು."

ತನ್ನ ದಣಿವನ್ನು ಲೆಕ್ಕಕ್ಕೆ ಹಿಡಿದು ಮಾತು ನುಂಗಿದವರನ್ನು ಅವಳು ಈವರೆಗೆ ಕಂಡಿರಲಿಲ್ಲ.

ಗೊಬ್ಬೂರಿಗೆ ಮುಟ್ಟಿದಾಗ ಬಿಸಿಲು ಏರಿತ್ತು. ಸೊಸೆ ಮಹಾನಂದಾ ನೀರು ಕಾಯಿಸಿಟ್ಟಿದ್ದಳು. ಸುಂದರಬಾಯಿಯ ಎಡಗಡೆಯ ಮೈ ಸತ್ತಿದ್ದರೂ ನಾಲಿಗೆ ಚುರುಕಾಗಿಯೇ ಇತ್ತು. ಈ ಸಲ ಭಾಗ್ಯಜ್ಯೋತಿ ಏನನ್ನೂ ಮುಚ್ಚಿಡಲಿಲ್ಲ. ಮಂಚದ ಪಕ್ಕ ಕೂತು, ಈ ಫೋಟೋ ದೂರದ ಊರಿನ ಮಂದಿ ನೋಡುವುದಕ್ಕೆ, ನೋಡಿದವರು ಖಾಸೀಂಬಿಯ ವ್ಯಾನಿಗೆ ನೆರವಾಗುವುದಕ್ಕೆ ಎಂದು ಬಿಡಿಸಿ ಹೇಳಿದಳು.

"ಹಂಗಾರ ಇಳಕಲ್ ಸೀರಿ ಬ್ಯಾಡೇನು?"

"ಬ್ಯಾಡವ್ವಾ. ದಿನಾ ಹೆಂಗ ಇರ್ತೀರಿ ಹಂಗ."

ಮುದುಕಿ ಅವಳ ಮುಖವನ್ನೇ ನೋಡಿದಳು. "ಅಳಬೇಕೇನು?"

ಖಾಸೀಂಬಿ ಬಿಸಿನೀರಿನ ಬಕೆಟ್ಟು ತಂದು ಮಂಚದ ಪಕ್ಕ ಇಟ್ಟಳು.

"ಹೋದ ವರ್ಷ ಜೇವರ್ಗಿ ಕಡಿ ಮುದುಕಿ ಅತ್ತಿದ್ದಳಲ್ಲ, ನಮ್ಮ ಮಹಾನಂದಾ ಮೊಬೈಲಿನ್ಯಾಗ ತೋರಿಸಿದಳು. ಭಾಳ ಮಂದಿ ನೋಡ್ಯಾರಂತ. ನಿನಗ ಅಂಥಾದ್ದ ಬೇಕಾದ್ರ ಅಳ್ತೇನಿ ತಗೋ. ನಿನ್ನ ಕೆಲಸ ಆಗಬೇಕಲ್ಲ ನನ್ನವ್ವಾ."

ಅವಳು ಆಟಕ್ಕೆಂಬಂತೆ ಮುಖ ಕಿವುಚಿದಳು. ಅರ್ಧ ಮುಖ ಮಾತ್ರ ಕಿವುಚಿತು. ಖಾಸೀಂಬಿ ನಕ್ಕಳು. ನಗು ಮುಗಿಯುವಷ್ಟರಲ್ಲಿ ಸುಂದರಬಾಯಿಯ ಬಲಗಣ್ಣು ತುಂಬಿ ಬಂದಿತ್ತು. ಸುಳ್ಳಿಗೆ ಕರೆದ ಅಳು ನಿಜವಾಗಿ ಬಂದುಬಿಟ್ಟಿತ್ತು. ತಡೆಯಲು ಅವಳ ಕೈಲಾಗಲಿಲ್ಲ. ಮಲಗಿ ಮಲಗಿ ಸೋತ ಬಲಗೈ ಒರೆಸಿಕೊಳ್ಳಲು ಏಳಲಿಲ್ಲ.

ಬಾಗಿಲಿನ ಬೆಳಕು ಆ ಮುಖದ ಮೇಲೆ ಬಿದ್ದಿತ್ತು. ಭಾಗ್ಯಜ್ಯೋತಿಗೆ ಗೊತ್ತಿತ್ತು, ಇಷ್ಟು ವರ್ಷದಲ್ಲಿ ಇಂಥ ಫೋಟೋ ತನಗೆ ಸಿಕ್ಕಿರಲಿಲ್ಲ. ಇದೊಂದಿದ್ದರೆ ವರ್ಷವಿಡೀ ವ್ಯಾನು ಓಡುತ್ತದೆ. ಸಂಜುಕುಮಾರ ಕ್ಯಾಮೆರಾ ಹಿಡಿದು ಅವಳ ಸನ್ನೆಗೆ ಕಾಯುತ್ತಿದ್ದ. ಅವನ ಬೆರಳು ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ.

ಅವಳು ಎದ್ದು ಬಂದು ಲೆನ್ಸಿಗೆ ಅಂಗೈ ಅಡ್ಡ ಇಟ್ಟಳು.

"ಬ್ಯಾಡ್ರಿ."

ಅವನು ಕ್ಯಾಮೆರಾ ಇಳಿಸಿದ. ಅವಳ ಬೆರಳು ಅವನ ಬೆರಳಿಗೆ ತಾಕಿತು. ಇಬ್ಬರದೂ ತಣ್ಣಗಿದ್ದವು.

"ಸಾಕ್ ಬೇ ಸುಂದ್ರಾ," ಖಾಸೀಂಬಿ ಸೆರಗು ಸಿಕ್ಕಿಸಿಕೊಂಡಳು. "ಹೊರಳು, ಬೆನ್ನು ತೊಳಿತೇನಿ. ನೀರು ಆರ್ತದ."

ಆ ದಿನ ನೀರಿನ ಮಗ್ಗು ಹಿಡಿದವಳು ಭಾಗ್ಯಜ್ಯೋತಿ. ಬೆನ್ನಿನ ಹುಣ್ಣು ಕಂಡಾಗ ಕಣ್ಣು ಕತ್ತಲೆ ಬಂದಂತಾಯಿತು. ಗೋಡೆ ಹಿಡಿದು ನಿಂತಳು, ಮುಖ ತಿರುಗಿಸಲಿಲ್ಲ. ಬಿಸಿನೀರು ಬೆನ್ನಿಗೆ ಬಿದ್ದಾಗ ಸುಂದರಬಾಯಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ಆ ಜಲಪಾತದ ಫೋಟೋ ಇರಲಿ ಬೇ ಭಾಗ್ಯಾ. ಅದು ಆಮ್ಯಾಲಿಂದು, ನಾ ಹೋದಮ್ಯಾಗ ನೋಡೂದು. ಅಲ್ಲೀತನಕ ಯಾರರೆ ಬಂದು ಹಿಂಗ ಬೆನ್ನು ತೊಳದ್ರ ಸಾಕು."

ಭಾಗ್ಯಜ್ಯೋತಿ ಆ ಮಾತನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳದಿದ್ದರೂ ಮರೆಯುವಂತಿರಲಿಲ್ಲ. "ಈ ಮಾತು ನಾಲ್ಕು ಮಂದೀಗಿ ಹೇಳಲೇನವ್ವಾ?" ಎಂದು ಮಾತ್ರ ಕೇಳಿದಳು.

"ಹೇಳು. ಖರೆ ಅದಲ್ಲ."

ಊರ ಹೊರಗಿನ ಕ್ರಾಸಿನಲ್ಲಿ ರಸೂಲ ಚಹಾಕ್ಕೆಂದು ವ್ಯಾನು ನಿಲ್ಲಿಸಿದ. ಭಾಗ್ಯಜ್ಯೋತಿ ಕಪ್ಪು ಹಿಡಿದು ರಸ್ತೆಯ ಅಂಚಿಗೆ ಹೋಗಿ ನಿಂತಳು. ಸಂಜುಕುಮಾರ ಬಂದು ಪಕ್ಕದಲ್ಲಿ ನಿಂತ.

"ನಿಮಗ ಸಿಟ್ಟು ಬಂದದೇನ್ರಿ?"

"ಇಲ್ಲ. ಸಾಕಾಗ್ಯದ." ಅವಳು ಕಪ್ಪಿನ ಅಂಚು ಒರೆಸಿದಳು. "ಕಲಬುರಗಿ ದವಾಖಾನ್ಯಾಗ ಕೆಲಸಕ್ಕ ಕರದಾರ. ಸೋಮವಾರದೊಳಗ ಹೇಳಬೇಕು."

ಅವನು ಚಹಾ ಕುಡಿಯುವುದನ್ನು ನಿಲ್ಲಿಸಿದ. "ಹೋಗ್ತೀರಿ?"

"ಹೋಗಬಾರದೇನು? ಇಲ್ಲಿ ನಾ ಮಂದಿ ಅಳೂದು ಕಾಯ್ತೇನಿ. ಇವತ್ತ ನೀವ ನೋಡಿದ್ರಲ್ಲ. ಆ ಅಜ್ಜಿ ಅತ್ತಾಗ ನನಗ ಮೊದಲ ಅನಿಸಿದ್ದು ಏನು ಗೊತ್ತದ? ಛಲೋ ಬೆಳಕದ ಅಂತ."

"ನನಗೂ ಅದ ಅನಿಸ್ತು," ಅವನು ಮೆತ್ತಗೆ ಹೇಳಿದ. "ಕೈ ಅಡ್ಡ ಇಟ್ಟವರು ನೀವು."

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಧೂಳು ಇಳಿಯುವವರೆಗೆ ಇಬ್ಬರೂ ಕಪ್ಪಿನ ಮೇಲೆ ಕೈ ಮುಚ್ಚಿ ನಿಂತರು.

"ನಮ್ಮಪ್ಪಂದು ಒಂದರೆ ಫೋಟೋ ಇಲ್ರಿ," ಅಂದ ಸಂಜುಕುಮಾರ. "ಮಗ ಫೋಟೋಗ್ರಾಫರ್. ನಾಳೆ ತಗಿಯೂಣು, ನಾಡದ ತಗಿಯೂಣು ಅಂದೆ. ಆಧಾರ್ ಕಾರ್ಡಿಂದು ದೊಡ್ಡದ ಮಾಡಿಸಿ ಗ್ವಾಡಿಗಿ ಹಾಕೀವಿ. ಕಣ್ಣು ಇಷ್ಟಗಲ ಬಿಟ್ಕೊಂಡು ಯಾರೋ ಬೈದಂಗ ನೋಡ್ತಾನ. ಅವ್ವ ದಿನಾ ಅದಕ್ಕ ಕೈ ಮುಗೀತಾಳ. ನಮ್ಮಪ್ಪ ಹಂಗ ಇದ್ದಿಲ್ರಿ."

ಅವನು ಅತ್ತ ತಿರುಗಿದ. ಕಲಬುರಗಿಗೆ ಹೋಗಬೇಡಿ ಎಂದು ಅನ್ನಲಿಲ್ಲ. ಅವನು ಅಂದಿದ್ದರೆ ಸುಲಭವಾಗುತ್ತಿತ್ತು ಎಂದು ಭಾಗ್ಯಜ್ಯೋತಿಗೆ ಅನ್ನಿಸಿತು. ಅನ್ನದೆ ಬಿಟ್ಟದ್ದಕ್ಕೇ ಅವನು ಇನ್ನಷ್ಟು ಹಿಡಿಸಿದ.

ಆಳಂದದ ಆಫೀಸಿನಲ್ಲಿ ದೌಲತರಾಯರು ಕನ್ನಡಕ ಏರಿಸಿ, ಭಾಗ್ಯಜ್ಯೋತಿ ಕ್ಯಾಂಪೇನಿಗೆ ಆರಿಸಿದ್ದ ಮೊದಲಿನ ಫೋಟೋಗಳನ್ನೇ ನೋಡಿದರು. ಇಳಿಸಿ ನೋಡಿದರು.

"ಏನಬೇ ಇದು ಭಾಗ್ಯಾ? ಕೋಟು, ಜಲಪಾತ! ಇದನ್ನ ನೋಡಿ ಯಾರ ಕೊಡ್ತಾರ?"

"ಕೆಳಗ ಬರದದ್ದು ಓದ್ರಿ ಸರ್."

ಅವಳು ಬರೆದದ್ದು ಸ್ವಲ್ಪವೇ. 'ಇವರು ಸುಂದರಬಾಯಿ. ಈ ಫೋಟೋ ಆಮೇಲಿನದು, ಇದನ್ನು ಅವರೇ ಇಷ್ಟಪಟ್ಟು ತೆಗೆಸಿಕೊಂಡಿದ್ದಾರೆ. ಅಲ್ಲಿಯ ತನಕ ಯಾರಾದರೂ ಬಂದು ಬೆನ್ನು ತೊಳೆದರೆ ಸಾಕು ಎನ್ನುತ್ತಾರೆ.'

ದೌಲತರಾಯರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಹೋದ ವರ್ಷದಷ್ಟು ಬರೂದಿಲ್ಲ."

"ಬರಲಿಕ್ಕಿಲ್ಲ ಸರ್. ಕಡಿಮಿ ಬಿದ್ದದ್ದಕ್ಕ ನಾ ಫೋನ್ ಮಾಡ್ತೇನಿ. ಒಬ್ಬೊಬ್ಬರಿಗೂ ಮಾಡ್ತೇನಿ. ಅಳೂ ಫೋಟೋ ಮಾತ್ರ ನನ್ನ ಕೈಲಿ ಇನ್ನ ಆಗೂದಿಲ್ಲ."

"ನೀ ಹೋಗಾಕತ್ತೀದಿ ಅಂತ ಕೇಳಿದೆ. ಫೋನ್ ಯಾರು ಮಾಡ್ತಾರ?"

ಅಲ್ಲಿಯವರೆಗೆ ಅವಳಿಗೂ ಉತ್ತರ ಗೊತ್ತಿರಲಿಲ್ಲ. "ನಾನ ಮಾಡ್ತೇನ್ರಿ ಸರ್," ಎಂದಳು. ಸೋಮವಾರ ಆಸ್ಪತ್ರೆಯವರಿಗೆ ಇಲ್ಲವೆಂದು ತಿಳಿಸಿದಳು.

ದೌಲತರಾಯರು ಹೇಳಿದಂತೆಯೇ ಆಯಿತು. ಹೋದ ವರ್ಷದಷ್ಟು ಬರಲಿಲ್ಲ. ಪುಣೆಯ ದೊಡ್ಡ ದಾನಿಯೊಬ್ಬರು ಇದು ಮನಸ್ಸಿಗೆ ತಟ್ಟಲಿಲ್ಲ ಎಂದು ನೇರವಾಗಿ ಬರೆದರು. ಅದನ್ನು ಓದಿ ಭಾಗ್ಯಜ್ಯೋತಿಗೆ ಊಟ ಸೇರಲಿಲ್ಲ. ಇನ್ನೊಂದು ಕಡೆ, ಎಂದೂ ಕೊಡದಿದ್ದವರು ಫೋನ್ ಮಾಡತೊಡಗಿದರು. ಸೊಲ್ಲಾಪುರದ ಒಬ್ಬ ಹೆಂಗಸು ತನ್ನ ಅತ್ತೆಯ ಬೆನ್ನು ತೊಳೆಯುವುದು ಹೇಗೆಂದು ಕೇಳಿದಳು. ಭಾಗ್ಯಜ್ಯೋತಿ ಖಾಸೀಂಬಿಯ ಕೈಗೆ ಫೋನ್ ಕೊಟ್ಟಳು. ಕೂಡಿ ಬಂದದ್ದರಲ್ಲಿ ವ್ಯಾನು ನಿಲ್ಲಲಿಲ್ಲ, ಅಷ್ಟೇ. ಒಬ್ಬೊಬ್ಬರಿಗೂ ಫೋನ್ ಮಾಡಿ ಮಾಡಿ ಅವಳ ದನಿ ಮಾತ್ರ ಒಡೆದುಹೋಯಿತು.

ಎಳ್ಳ ಅಮಾವಾಸ್ಯೆಯ ದಿನ ಸಂಜುಕುಮಾರ ಚೌಕಟ್ಟು ಹಾಕಿಸಿದ ಫೋಟೋಗಳನ್ನು ತಂದ. ಅವನೂ ಭಾಗ್ಯಜ್ಯೋತಿಯೂ ಖಾಸೀಂಬಿ, ರಸೂಲರ ಜೊತೆ ವ್ಯಾನಿನಲ್ಲಿ ಹೋಗಿ ಮನೆಮನೆಗೆ ಕೊಟ್ಟರು. ಗೊಬ್ಬೂರಿನಲ್ಲಿ ಮಹಾನಂದಾ ಅವರನ್ನು ಬಿಡದೆ ತಮ್ಮ ಹೊಲಕ್ಕೆ ಕರೆದೊಯ್ದಳು. ಸುಂದರಬಾಯಿಯನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದಿದ್ದರು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಉಂಡು ಖಾಸೀಂಬಿ, ರಸೂಲ ಗಾಡಿಯ ನೆರಳಿನಲ್ಲಿ ಮುದುಕಿಯ ಜೊತೆ ಹರಟೆ ಹೊಡೆಯುತ್ತಿದ್ದರು. ಭಾಗ್ಯಜ್ಯೋತಿ ಬದುವಿನ ಮೇಲೆ ಕೂತು ಕಾಲು ಚಾಚಿದಳು. ಒಂದು ಕೈಯಗಲ ಬಿಟ್ಟು ಸಂಜುಕುಮಾರ ಕೂತ.

"ನೀವು ಹೋಗಲಿಲ್ಲ," ಅಂದ.

"ಹೋಗಲಿಲ್ಲ."

"ನನಗ ಎಷ್ಟು ಹಗುರಾತು ಅಂತ ಹೇಳಾಕ ಬರೂದಿಲ್ರಿ. ನಮ್ಮ ಮನೀಗಿ ಬರ್ತೀರೇನ್ರಿ, ಕಾಯಂ?"

ಅವಳು ಜೋಳದ ತೆನೆಗಳನ್ನೇ ನೋಡಿದಳು. ಈ ಮಾತು ಬರುತ್ತದೆಂದು ಗೊತ್ತಿತ್ತು. ಬಂದಾಗ ಎದೆ ಕುಣಿಯುತ್ತದೆಂದು ತಿಳಿದಿದ್ದಳು. ಕುಣಿಯಲಿಲ್ಲ. ದಿನವೆಲ್ಲ ಹೊತ್ತ ಗಂಟನ್ನು ಯಾರೋ ಒಂದು ಕಡೆಯಿಂದ ಹಿಡಿದುಕೊಂಡಂತಾಯಿತು.

"ನಾ ಯಾವಾಗ್ಲೂ ಹಿಂಗ ಇರ್ತೇನ್ರಿ," ಎಂದಳು. "ಉಣ್ಣಾಗ ಫೋನ್ ಬರ್ತದ. ಮಲಗಿದ್ರೂ, ಯಾರಿಗರೆ ತಪ್ಪು ಬರದೆ ಏನೋ ಅಂತ ಫಿಕರ್ ಮಾಡ್ತೇನಿ. ನಕ್ಕೋತ ಇರೂ ಹೆಂಗಸು ಬೇಕಾದ್ರ ನಾ ಅಲ್ಲ."

"ನಗೂ ಮಂದೀನ ಸಾಕಷ್ಟು ನೋಡೇನ್ರಿ. ನಗ್ರಿ, ನಗ್ರಿ ಅಂತ ಹೇಳೂದ ನನ್ನ ಕೆಲಸ. ಮನ್ಯಾಗ ಅದನ್ನ ಯಾರಿಗೂ ಹೇಳೂದಿಲ್ಲ."

ಅವಳು ನಕ್ಕಳು. ಒಡೆದ ದನಿಯಲ್ಲಿ ಆ ನಗು ಕೆಮ್ಮಿನ ಹಾಗೆ ಕೇಳಿಸಿತು.

"ಮದುವಿ ಅಂದ್ರೂ ಯಾವಾಗ್ರಿ? ಮುಹೂರ್ತ ಇದ್ದಾಗ ನೀವು ಮಂದಿ ಮದುವ್ಯಾಗ ಇರ್ತೀರಿ. ಈಗ ಧನುರ್ಮಾಸ, ನೀವು ಖಾಲಿ, ನನಗ ವರ್ಷದ ಕೊನಿ, ಉಸರಾಡಾಕ ಪುರಸೊತ್ತಿಲ್ಲ."

"ಆಷಾಢದಾಗ."

"ಆಷಾಢದಾಗ ಯಾರ ಮದುವಿ ಆಗ್ತಾರ್ರಿ?"

"ಯಾರೂ ಆಗೂದಿಲ್ಲ. ಅದಕ್ಕ ಹೇಳಾಕತ್ತೇನಿ. ಸ್ಟುಡಿಯೋ ಖಾಲಿ, ಮಂಟಪ ಖಾಲಿ, ನಿಮ್ಮ ದಾನಿಗಳೂ ಸುಮ್ಮನ ಇರ್ತಾರ. ಮದುವಿ ಆಗಿ ಎರಡು ದಿನ ನಿದ್ದಿ ಮಾಡೂಣು."

"ನಮ್ಮವ್ವ ಹೌಹಾರ್ತಾಳ."

"ಲಿಂಗ ಕಟ್ಟಿದ ಮನಿಯವರಲ್ಲೇನ್ರಿ? ಬಸವಣ್ಣ ಯಾವ ಪಂಚಾಂಗ ನೋಡಿದ್ದ?"

"ಹಂಗಂತ ಎಲ್ಲಾರೂ ಅಂತಾರ. ಮದುವಿ ಬಂದಾಗ ಪಂಚಾಂಗ ತಗೀತಾರ."

"ಅದನ್ನ ನನಗ ಹೇಳ್ತೀರೇನ್ರಿ? ಅದರ ಮ್ಯಾಗ ನನ್ನ ಹೊಟ್ಟಿ ನಡೀತದ."

ಅವಳು ತಿರುಗಿ ಅವನನ್ನು ನೇರವಾಗಿ ನೋಡಿದಳು. ಬಿಸಿಲಿಗೆ ಅವನ ಕಣ್ಣು ಕಿರಿದಾಗಿತ್ತು. ಅವನ ಕಣ್ಣ ಕೆಳಗೂ ಕಪ್ಪಿತ್ತು. ಮದುವೆ ಮನೆಗಳಲ್ಲಿ ನಿದ್ದೆಗೆಟ್ಟು ಬಂದ ಕಪ್ಪು. ಇಷ್ಟು ದಿನ ತನ್ನದನ್ನೇ ನೆನೆದು ಅವನದನ್ನು ನೋಡಿರಲಿಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಅವ್ವನ ಮುಂದ ನಾ ಒಬ್ಬಾಕಿ ಹೇಳೂದಿಲ್ಲ," ಅಂದಳು. "ನೀವೂ ಜೋಡಿ ಬರಬೇಕು. ಬೈದ್ರ ಇಬ್ಬರೂ ಬೈಸ್ಕೊಳೂಣು."

"ಬರ್ತೇನ್ರಿ. ಬೈಸ್ಕೊಂಡು ನನಗ ರೂಢಿ ಅದ."

ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಹಬ್ಬದ ದಿನವೂ ಬಿಡದ ಯಾರೋ. ಅವಳು ಅವನ ಮುಖ ನೋಡಿದಳು. "ತಗೋರಿ, ತಗೋರಿ," ಎಂದು ಅವನು ತಲೆಯಾಡಿಸಿದ.

"ನಮಸ್ಕಾರ್ರಿ, ನಾನು ಭಾಗ್ಯಜ್ಯೋತಿ, ಆಳಂದದಿಂದ," ಎಂದು ಅವಳು ಒಡೆದ ದನಿಯಲ್ಲೇ ಶುರು ಮಾಡಿದಳು. ಖಾಸೀಂಬಿಯ ಬಗ್ಗೆ, ವ್ಯಾನಿನ ಬಗ್ಗೆ, ಬಿಸಿನೀರಿನ ಬಗ್ಗೆ, ಸಾವಧಾನವಾಗಿ, ಮೊದಲ ಸಲ ಹೇಳುತ್ತಿರುವಂತೆ ಹೇಳಿದಳು. ಹೇಳುತ್ತ ಹೇಳುತ್ತಲೇ, ಖಾಲಿಯಿದ್ದ ಇನ್ನೊಂದು ಕೈಯನ್ನು ಬದುವಿನ ಮೇಲೆ ಸರಿಸಿ ಅವನ ಕೈಯೊಳಗೆ ಇಟ್ಟಳು.